ಆರು ವರ್ಷದ ಮ್ಯಾಜಿಕ್, ಒಂದು ಹಿಡಿ ಹುಣಸೆ ಬೀಜ

‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಿನ ಆಟ ಹಿಡಿದು ಆರು ವರ್ಷವಾಯಿತು. ಮೊದಲ ಎರಡು ವರ್ಷ ನಾನು, ತಮ್ಮ ಇಬ್ಬರೂ ಅದರ ಕಂಪ್ಯೂಟರ್ ರೂಪವಾದ ‘ಅರೇನಾ’ದಲ್ಲಿ ಆಡಿದೆವು, ಆಮೇಲೆ ಊಟದ ಮೇಜಿನ ಮೇಲೆ, ಅಚ್ಚಿನ ಕಾರ್ಡುಗಳಲ್ಲಿ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟದ ಚಿತ್ರಗಳನ್ನು ಹೊಗಳಲು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯಹೊರಟಿದ್ದು ಡ್ಯಾಮೇಜ್ ಬಗ್ಗೆ, ಅಂದರೆ ಪೆಟ್ಟಿನ ಲೆಕ್ಕದ ಬಗ್ಗೆ.

ಮೇಜಿಗೆ ಬಂದ ಮೊದಲ ವಾರವೇ ಜಗಳ. ನನ್ನ 3/3 ಜೀವಿ ದಾಳಿಗೆ ಹೊರಟಿತು (ಮೊದಲ ಅಂಕಿ ಅದು ಕೊಡುವ ಪೆಟ್ಟು; ಎರಡನೆಯದು ಅದನ್ನು ಸಾಯಿಸಲು ಬೇಕಾದ ಪೆಟ್ಟು, ಅಂದರೆ ಟಫ್‌ನೆಸ್). ತಮ್ಮ ತನ್ನ 2/2 ‘ಗ್ರಿಜ್ಲಿ ಬೇರ್ಸ್’ ಅನ್ನು ಅಡ್ಡ ನಿಲ್ಲಿಸಿ, ಅದಕ್ಕೆ ಬಲ ಹೆಚ್ಚಿಸುವ ‘ಜೈಂಟ್ ಗ್ರೋತ್’ ಮಂತ್ರದ ಕಾರ್ಡು ಹಾಕಿದ. ಕರಡಿ ಆ ಸರದಿ ಮುಗಿಯುವವರೆಗೆ 5/5. ನನ್ನದು ಸತ್ತಿತು, ಒಪ್ಪಿದೆ. ಆದರೆ ಅವನ ಕರಡಿಯೂ ಮೂರು ಪೆಟ್ಟು ತಿಂದಿತ್ತಲ್ಲ?

“ಸರದಿ ಮುಗಿದೊಡನೆ ಅದು ಮತ್ತೆ 2/2. ಸಾಯಲೇಬೇಕು” ಎಂದೆ.

“ಇಲ್ಲಣ್ಣ, ಅರೇನಾದಲ್ಲಿ ಸಾಯುವುದಿಲ್ಲ” ಎಂದ.

ಯಾಕೆ ಸಾಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅರೇನಾದ ಗುಣವೂ ದೋಷವೂ ಇದೇ: ಲೆಕ್ಕವನ್ನೆಲ್ಲ ತಾನೇ ಮಾಡಿ ಮುಗಿಸುತ್ತದೆ, ಕಾರಣ ಹೇಳುವ ಗೋಜಿಗೆ ಹೋಗುವುದಿಲ್ಲ. ಕೊನೆಗೆ ನಿಯಮಾವಳಿ ತೆರೆದೆವು. ಸರದಿಯ ಕೊನೆಯಲ್ಲಿ ಪೆಟ್ಟು ಅಳಿಯುವುದೂ ಜೈಂಟ್ ಗ್ರೋತ್‌ನ ಬಲ ಇಳಿಯುವುದೂ ಒಂದೇ ಕ್ಷಣದಲ್ಲಿ. ಕರಡಿಗೆ ಆಯುಷ್ಯ ಗಟ್ಟಿ.

ತಲೆಯೊಳಗಿನ ಗೋಜಲು ಬಿಡಿಸಿದ್ದು ಮಾತ್ರ ಚೌಕಾಬಾರದ ಡಬ್ಬಿಯಲ್ಲಿದ್ದ ಹುಣಸೆ ಬೀಜ. ಟಫ್‌ನೆಸ್‌ನಿಂದ ಪೆಟ್ಟನ್ನು ಕಳೆಯುವುದನ್ನು ಬಿಟ್ಟು, ಪೆಟ್ಟಿಗೊಂದರಂತೆ ಕಾರ್ಡಿನ ಮೇಲೆ ಬೀಜ ಇಡತೊಡಗಿದೆವು. ಬೀಜಗಳ ಎಣಿಕೆ ಟಫ್‌ನೆಸ್ ಮುಟ್ಟಿದರೆ ಜೀವಿ ಸತ್ತಂತೆ. ಮುಟ್ಟದಿದ್ದರೆ ಸರದಿಯ ಕೊನೆಗೆ ಬಳಿದು ಡಬ್ಬಿಗೆ. ಕಾಳಗದಲ್ಲಿ ಎರಡು ಬೀಜ ಹೊತ್ತ 3/3 ಜೀವಿಯನ್ನು ಎರಡೇ ಪೆಟ್ಟಿನ ‘ಶಾಕ್’ ಮಂತ್ರ ಹೇಗೆ ಉರುಳಿಸುತ್ತದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಪೆಟ್ಟು ಕೊಡುವ ಜೀವಿಗೆ ‘ಡೆತ್‌ಟಚ್’ ಎಂಬ ಗುಣ ಇದ್ದರೆ ಒಂದು ಬೀಜವೇ ಮಾರಕ. ಇದು ಅಡ್ಡ ನಿಂತ ಜೀವಿಗೆ ಸಾಯುವಷ್ಟು ಕೊಟ್ಟು ಮಿಕ್ಕ ಪೆಟ್ಟನ್ನು ಎದುರಾಳಿಗೆ ದಾಟಿಸುವ ‘ಟ್ರ್ಯಾಂಪಲ್’ ಜೊತೆ ಸೇರಿದಾಗಲೇ ನಾನು ಹೆಚ್ಚು ಸೋತದ್ದು. ಟ್ರ್ಯಾಂಪಲ್ ಇರುವ 6/6 ‘ಕೊಲಾಸಲ್ ಡ್ರೆಡ್‌ಮಾ’ಗೆ ನನ್ನ 2/2 ಅಡ್ಡ ನಿಂತರೆ ಅದಕ್ಕೆ ಎರಡು, ಮಿಕ್ಕ ನಾಲ್ಕು ನನಗೆ. ಅದೇ ಡ್ರೆಡ್‌ಮಾಗೆ ಡೆತ್‌ಟಚ್ ಸಿಕ್ಕರೆ ಅಡ್ಡ ನಿಂತವನಿಗೆ ಒಂದೇ ಸಾಕು, ಐದು ನನ್ನ ತಲೆಗೆ. ಇಪ್ಪತ್ತು ಜೀವದ ಆಟದಲ್ಲಿ ಆ ಒಂದೊಂದು ಹೆಚ್ಚಿನ ಪೆಟ್ಟಿನ ಬೆಲೆ ಸೋತವನಿಗೆ ಗೊತ್ತು.

‘ಇನ್ಫೆಕ್ಟ್’ ಎಂಬ ಗುಣಕ್ಕೆ ಬೀಜ ಒಗ್ಗುವುದಿಲ್ಲ. ಅದು ಜೀವಿಗಳಿಗೆ ಕೊಡುವ, ಎರಡೂ ಅಂಕಿಯನ್ನು ಒಂದೊಂದು ಇಳಿಸುವ -1/-1 ಗುರುತು ಸರದಿ ಮುಗಿದರೂ ಹೋಗದು. ಆಟಗಾರನಿಗಾದರೆ ವಿಷದ ಗುರುತು, ಹತ್ತು ಸೇರಿದರೆ ಸೋಲು. ಅದಕ್ಕೆ ಗುಲಗಂಜಿ ಇಟ್ಟಿದ್ದೇವೆ. ಅದೂ ವಿಷದ ಬೀಜವೇ; ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಡಿಗಳನ್ನು ಬಳಸಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಎಷ್ಟೋ ಕಾರ್ಡುಗಳಲ್ಲಿ ಟ್ರ್ಯಾಂಪಲ್ ಎಂಬ ಒಂಟಿ ಪದವಷ್ಟೇ ಅಚ್ಚಾಗಿರುವುದಕ್ಕೆ. ನಿಯಮಗಳೂ ನಿಂತ ನೀರಲ್ಲ. ಹಿಂದೆ ಒಂದು ದಾಳಿಗೆ ಎರಡು ಜೀವಿಗಳು ಅಡ್ಡ ನಿಂತರೆ ಮೊದಲು ಸಾಲು ಗೊತ್ತುಮಾಡಿ, ಮೊದಲಿನವನಿಗೆ ಸಾಯುವಷ್ಟು ಕೊಟ್ಟೇ ಎರಡನೆಯವನ ಕಡೆ ತಿರುಗಬೇಕಿತ್ತು. 2024ರ ನವೆಂಬರಿನಲ್ಲಿ ‘ಫೌಂಡೇಶನ್ಸ್’ ಎಂಬ ಕಾರ್ಡು ಸರಣಿ ಬಂದಾಗ ಆ ಕಟ್ಟಳೆ ಹೋಯಿತು. ಈಗ ಇಷ್ಟ ಬಂದಂತೆ ಹಂಚಬಹುದು. ತಮ್ಮ ಇನ್ನೂ ಹಳೆಯ ಕ್ರಮದಲ್ಲೇ ಹಂಚುತ್ತಾನೆ. ಅದೂ ನಿಯಮದೊಳಗೇ ಇದೆ, ಹಾಗಾಗಿ ನಾನು ತಿದ್ದಲು ಹೋಗಿಲ್ಲ.