ಮಂಗಳೂರಿನ ಹಂಪನಕಟ್ಟೆ ಹತ್ರದ ವಜ್ರದಂಗಡಿ: ಕಲ್ಲು ಎಲ್ಲಿಯದ್ದು ಅಂತ ಕೇಳಿದ್ರೆ ಹೇಳ್ತಾರೆ

ತಂಗಿಯ ಎಂಗೇಜ್‌ಮೆಂಟ್ ಉಂಗುರ ಇಲ್ಲೇ ತಗೊಂಡದ್ದು, ಡಿಸೈನ್ ಚಂದ ಉಂಟು, ಮೇಕಿಂಗ್ ಚಾರ್ಜ್ ಸ್ವಲ್ಪ ಜಾಸ್ತಿ. ನಂಗೆ ಖುಷಿಯಾದದ್ದು ಬೇರೆ, ವಜ್ರ ಯಾವ ದೇಶದ್ದು ಅಂತ ಕೇಳಿದ್ದಕ್ಕೆ ಬಿಲ್ಲಲ್ಲೇ ಬರೆದುಕೊಟ್ರು. ಸಣ್ಣ ವಿಷಯ ಅಲ್ಲ ಮಾರಾಯ್ರೆ, ಅಂಗೋಲಾದ ಯುನಿಟಾ, ಸಿಯೆರಾ ಲಿಯೋನ್‌ನ ಆರ್‌ಯುಎಫ್ ಬಂಡುಕೋರರು ವಜ್ರ ಮಾರಿಯೇ ಬಂದೂಕು ತಗೊಳ್ತಿದ್ದದ್ದು, ವಿಶ್ವಸಂಸ್ಥೆ 1998ರಲ್ಲಿ ಅಂಗೋಲಾ, 2000ದಲ್ಲಿ ಸಿಯೆರಾ ಲಿಯೋನ್ ವಜ್ರಕ್ಕೆ ನಿರ್ಬಂಧ ಹಾಕಿತು, 2003ರಲ್ಲಿ ಇಂಥ ವಜ್ರ ಅಲ್ಲ ಅಂತ ದೇಶಗಳು ಕೊಡೋ ಕಿಂಬರ್ಲಿ ಸರ್ಟಿಫಿಕೇಟ್ ಬಂತು. ಆದ್ರೆ ಅದು ಕಚ್ಚಾ ವಜ್ರಕ್ಕೆ ಮಾತ್ರ, ಅದೂ ಬಂಡುಕೋರರಿಗೆ ದುಡ್ಡು ಹೋಗೋದನ್ನ ತಡೆಯೋಕೆ ಮಾತ್ರ, ಸರ್ಕಾರದ ಸೈನ್ಯವೇ ದುಡ್ಡು ಮಾಡಿದ್ರೆ ಅದ್ರಲ್ಲಿ ಬರೋದೇ ಇಲ್ಲ! ಬರ್ಮಾ ಮಾಣಿಕ್ಯದ ಬಗ್ಗೆ ಮಾತ್ರ ಇವರತ್ರ ಉತ್ತರ ಇರ್ಲಿಲ್ಲ, 2021ರಲ್ಲಿ ಸೈನ್ಯ ಅಧಿಕಾರ ಕಿತ್ಕೊಂಡ ಮೇಲೆ ಅಲ್ಲಿನ ಸರ್ಕಾರಿ ರತ್ನ ಕಂಪನಿಗೆ ಅಮೆರಿಕ ನಿರ್ಬಂಧ ಹಾಕಿದ್ದುಂಟು. ಅಂಗಡಿಯವ್ರೆ, ದಯವಿಟ್ಟು ಆ ಮಾಣಿಕ್ಯದ ಟ್ರೇ ಅಲ್ಲಿಂದ ತೆಗೆದುಬಿಡಿ. ವಜ್ರಕ್ಕೆ ನಾಲ್ಕು ಸ್ಟಾರ್.