ಫೋಟೋಗೆ ಸಾದಾ ಬಾರ್ಡರ್ ಹಾಕಲು ಗಿಂಪ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಫೋಟೋ ಸುತ್ತ ಒಂದು ಬಿಳಿ ಅಂಚು ಹಾಕೋಕೆ ಗಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಬೇಕಾ ಅಂತ ಕೇಳಿದರೆ, ನಿಜ ಹೇಳಬೇಕೆಂದರೆ ಬೇಡ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ ಆಗುತ್ತದೆ. ಆದರೂ ಹಲವು ವರ್ಷಗಳಿಂದ ನಾನು ಅದನ್ನೇ ಬಳಸುತ್ತಿದ್ದೇನೆ. ಬಾರ್ಡರ್ ಎಷ್ಟು ಅಗಲ, ಯಾವ ಬಣ್ಣ, ಯಾವ ಕಡೆ ಜಾಸ್ತಿ ಯಾವ ಕಡೆ ಕಡಿಮೆ, ಎಲ್ಲವೂ ನನ್ನ ಕೈಯಲ್ಲೇ ಇರುತ್ತದೆ ಅನ್ನೋದೇ ಕಾರಣ. ಮೊಬೈಲ್ ಆಪ್‌ಗಳು ಹೂವು, ಹೃದಯ, ಮಿನುಗುವ ಚೌಕಟ್ಟು ಎಲ್ಲ ಕೊಡುತ್ತವೆ. ನಾಲ್ಕೂ ಕಡೆ ಸರಿಯಾಗಿ 60 ಪಿಕ್ಸೆಲ್ ಬಿಳಿ ಬೇಕು ಅಂದರೆ ಮಾತ್ರ ಹೆಚ್ಚಿನವು ಒಂದು ಸ್ಲೈಡರ್ ತೋರಿಸಿ ಕೈ ತೊಳೆದುಕೊಳ್ಳುತ್ತವೆ. ಗಿಂಪ್ ಉಚಿತ, ಓಪನ್ ಸೋರ್ಸ್, ವಿಂಡೋಸ್‌, ಲಿನಕ್ಸ್‌, ಮ್ಯಾಕ್‌ ಮೂರರಲ್ಲೂ ಓಡುತ್ತದೆ, ಖಾತೆ ತೆರೆಯಿರಿ ಅನ್ನೋದಿಲ್ಲ, ಫೋಟೋ ಮೇಲೆ ತನ್ನ ಹೆಸರು ಒತ್ತೋದಿಲ್ಲ.

ಫಿಲ್ಟರ್ಸ್ ಮೆನುವಿನ ಡೆಕೋರ್ ಒಳಗೆ ಆಡ್ ಬಾರ್ಡರ್ ಅಂತಲೇ ಒಂದು ಆಯ್ಕೆ ಇದೆ. ಹೊಸಬರು ಮೊದಲು ಹೋಗೋದು ಅಲ್ಲಿಗೇ, ಅದು ಸಹಜ ಅಲ್ವಾ? ಆದರೆ ಅದನ್ನು ಹಾಗೇ ಒತ್ತಿದರೆ ಬರೋದು 12 ಪಿಕ್ಸೆಲ್ ಅಗಲದ ನೀಲಿ ಪಟ್ಟಿ. ಅದೂ ನಾಲ್ಕು ಬದಿಗೆ ನಾಲ್ಕು ಛಾಯೆ, ಉಬ್ಬಿದ ಚೌಕಟ್ಟಿನ ಥರ ಕಾಣಲಿ ಅಂತ. ಡೆಲ್ಟಾ ಅನ್ನೋ ಅಂಕಿಯನ್ನು ತೀರಾ ಕಡಿಮೆ ಮಾಡಿದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಹೋಗುತ್ತದೆ. ಇಷ್ಟೆಲ್ಲ ತಿದ್ದೋ ಬದಲು ನಾನು ಅದನ್ನು ಮುಟ್ಟೋದೇ ಬಿಟ್ಟಿದ್ದೇನೆ.

ನಿಜವಾದ ಕೆಲಸ ಆಗೋದು ಇಮೇಜ್ ಮೆನುವಿನಲ್ಲಿರೋ, ಫೋಟೋ ಕೂರುವ ಹಾಳೆಯ ಅಳತೆ ಬದಲಿಸೋ ಕ್ಯಾನ್ವಾಸ್ ಸೈಜ್‌ನಲ್ಲಿ. ಮೊದಲು ಡಿ ಕೀ ಒತ್ತಿ. ಮುಂದಿನ (ಫೋರ್‌ಗ್ರೌಂಡ್) ಬಣ್ಣ ಕಪ್ಪು, ಹಿಂದಿನ (ಬ್ಯಾಕ್‌ಗ್ರೌಂಡ್) ಬಣ್ಣ ಬಿಳಿ ಆಗುತ್ತದೆ. ಆಮೇಲೆ ಕ್ಯಾನ್ವಾಸ್ ಸೈಜ್ ತೆರೆದು ಅಗಲ, ಎತ್ತರ ಎರಡನ್ನೂ ಜಾಸ್ತಿ ಮಾಡಿ. ಇಲ್ಲಿ ಎರಡು ಕಡೆ ಕಣ್ಣಿಡಬೇಕು. ಅಂಕಿಗಳ ಪಕ್ಕ ಒಂದು ಚಿಕ್ಕ ಸರಪಳಿ ಚಿತ್ರ ಇರುತ್ತದೆ, ಅದು ಕೂಡಿಕೊಂಡಿದ್ದರೆ ಒಂದನ್ನು ಬದಲಿಸಿದಾಗ ಇನ್ನೊಂದು ಅದೇ ಅನುಪಾತದಲ್ಲಿ ಬದಲಾಗುತ್ತದೆ, ಅಂದರೆ ಅಡ್ಡ ಫೋಟೋದಲ್ಲಿ ಎಡ ಬಲ ಅಂಚು ದಪ್ಪ, ಮೇಲೆ ಕೆಳಗೆ ತೆಳ್ಳಗೆ. ಸಮ ಅಂಚು ಬೇಕಿದ್ದರೆ ಸರಪಳಿ ಬಿಡಿಸಿ. ಎರಡನೆಯದು ಸೆಂಟರ್ ಬಟನ್. ಅದನ್ನು ಒತ್ತದಿದ್ದರೆ ಫೋಟೋ ಮೇಲಿನ ಎಡ ಮೂಲೆಗೇ ಅಂಟಿಕೊಂಡಿರುತ್ತದೆ, ಜಾಗವೆಲ್ಲ ಬಲಕ್ಕೂ ಕೆಳಕ್ಕೂ ಸೇರುತ್ತದೆ. ಕೊನೆಗೆ ಅದೇ ಇಮೇಜ್ ಮೆನುವಿನ ಫ್ಲಾಟನ್ ಇಮೇಜ್ ಕೊಟ್ಟರೆ ಖಾಲಿ ಜಾಗ ಹಿಂದಿನ ಬಣ್ಣದಿಂದ ತುಂಬುತ್ತದೆ. ಬಾರ್ಡರ್ ಸಿದ್ಧ. ಕೇಳೋಕೆ ಉದ್ದ ಅನಿಸಿದರೂ ಕೈಗೆ ರೂಢಿಯಾದ ಮೇಲೆ ಹತ್ತೇ ಸೆಕೆಂಡಿನ ಮಾತು.

ಅಗಲ ಎಷ್ಟಿರಬೇಕು ಅನ್ನೋದೇ ನನ್ನ ಪ್ರಕಾರ ದೊಡ್ಡ ವಿಷಯ, ಜನ ಬಣ್ಣದ ಬಗ್ಗೆ ಮಾತಾಡಿದಷ್ಟು ಇದರ ಬಗ್ಗೆ ಮಾತಾಡೋದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಸುಮಾರು 6000 x 4000 ಪಿಕ್ಸೆಲ್ ಇರುತ್ತದೆ. ಅದಕ್ಕೆ 12 ಪಿಕ್ಸೆಲ್ ಬಾರ್ಡರ್ ಹಾಕಿದರೆ ಕಣ್ಣಿಗೇ ಬೀಳೋದಿಲ್ಲ. ಅದೇ 12 ಪಿಕ್ಸೆಲ್ 600 ಪಿಕ್ಸೆಲ್ ಅಗಲದ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ನಾನು ಚಿಕ್ಕ ಬದಿಯ 4 ಶೇಕಡಾ ಲೆಕ್ಕ ಹಿಡಿಯುತ್ತೇನೆ: 4000ಕ್ಕೆ 160, 1000ಕ್ಕೆ 40. ಇನ್ನೊಂದು ಮಾತು, ಆನ್‌ಲೈನ್‌ಗೆ ಹಾಕೋ ಫೋಟೋ ಆದರೆ ಮೊದಲು ಸೈಜ್ ಇಳಿಸಿ, ಆಮೇಲೆ ಬಾರ್ಡರ್ ಹಾಕಿ. ತೆಳು ಗೆರೆಯನ್ನು ದೊಡ್ಡ ಫೋಟೋ ಮೇಲೆ ಎಳೆದು ಆಮೇಲೆ ಕುಗ್ಗಿಸಿದರೆ ಅದು ಮಸುಕಾಗಿ ಅರ್ಧ ಮಾಯ ಆಗಿರುತ್ತದೆ.

ಪ್ರಿಂಟ್ ಹಾಕಿಸೋರು ಇದನ್ನು ಗಮನಿಸಬೇಕು. 6000 x 4000 ಅಂದರೆ 3:2 ಅನುಪಾತ, 6 x 4 ಇಂಚಿನ ಕಾಗದಕ್ಕೆ ಸರಿ ಹೊಂದುತ್ತದೆ. ನಾಲ್ಕೂ ಕಡೆ 160 ಸೇರಿಸಿದ ಮೇಲೆ ಅದು 6320 x 4320. ಅನುಪಾತ 1.5 ಇದ್ದದ್ದು ಸುಮಾರು 1.46 ಆಯಿತು. ಕಾಗದ ತುಂಬುವ ಹಾಗೆ ಪ್ರಿಂಟ್ ಮಾಡಿದರೆ ಮೇಲೆ ಕೆಳಗೆ ಒಂದಿಷ್ಟು ಕತ್ತರಿಸಿ ಹೋಗುತ್ತದೆ, ಬಾರ್ಡರ್ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಕಾಣುತ್ತದೆ, ಬೈಗುಳ ಮಾತ್ರ ಪ್ರಿಂಟ್ ಮಾಡಿದವನಿಗೆ. ಬಾರ್ಡರ್ ಸೇರಿ 3:2 ಬರೋ ಹಾಗೆ ಮೊದಲೇ ಫೋಟೋವನ್ನು ಕ್ರಾಪ್ ಮಾಡಿಕೊಳ್ಳೋದೇ ದಾರಿ. ತೀರಾ ತೆಳು ಅಂಚನ್ನಂತೂ ಪ್ರಿಂಟ್‌ಗೆ ಹಾಕಲೇಬೇಡಿ.

ಬಣ್ಣ ಅಂದರೆ ನನಗೆ ಬಿಳಿ, ಕಪ್ಪು, ಅಪರೂಪಕ್ಕೆ ಬೂದು. ಕಪ್ಪು ಸುತ್ತಿದ್ದರೆ ಅದೇ ಫೋಟೋ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಬಿಳಿ ಸುತ್ತಿದ್ದರೆ ಸ್ವಲ್ಪ ಗಾಢವಾಗಿ. ಬಾರ್ಡರ್ ನೋಡಿಕೊಂಡು ಬ್ರೈಟ್‌ನೆಸ್ ತಿದ್ದೋದು ಇದಕ್ಕೇ. ಆಕಾಶ ಬೆಳ್ಳಗೆ ಹಾರಿಹೋಗಿರೋ ಫೋಟೋಗೆ ಬಿಳಿ ಅಂಚು ಹಾಕಿದರೆ ಫೋಟೋ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗೋದಿಲ್ಲ. ಅಲ್ಲಿ ಮೊದಲು ಎರಡು ಪಿಕ್ಸೆಲ್ ಕಪ್ಪು, ಅದರ ಹೊರಗೆ ಅಗಲ ಬಿಳಿ. ಕ್ಯಾನ್ವಾಸ್ ಸೈಜ್, ಫ್ಲಾಟನ್ ಎರಡನ್ನೂ ಎರಡು ಸಲ ಮಾಡಿದರೆ ಆಯಿತು, ಪ್ರತಿ ಸಲಕ್ಕೂ ಮೊದಲು ಎಕ್ಸ್ ಕೀ ಒತ್ತಿ ಬಣ್ಣ ಅದಲು ಬದಲು ಮಾಡಿಕೊಳ್ಳಿ. ಸೆಲೆಕ್ಟ್ ಆಲ್ ಕೊಟ್ಟು ಸ್ಟ್ರೋಕ್ ಸೆಲೆಕ್ಷನ್ ಮಾಡೋ, ಅಂದರೆ ಆಯ್ದ ಭಾಗದ ಅಂಚಿಗೆ ಗೆರೆ ಎಳೆಯೋ ದಾರಿಯೂ ಇದೆ, ಆದರೆ ಗೆರೆಯ ಅರ್ಧ ಭಾಗ ಫೋಟೋ ಆಚೆ ಬೀಳೋದರಿಂದ 10 ಅಂದರೆ 5 ಅಷ್ಟೇ ಉಳಿಯುತ್ತದೆ. ಅದೂ ಫೋಟೋದ ಮೇಲೆಯೇ ಕೂರುತ್ತದೆ, ಅಂಚಿನಲ್ಲಿ ಇದ್ದ ಭಾಗ ಮುಚ್ಚಿಹೋಗುತ್ತದೆ.

2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಅನೇಕ ಫಿಲ್ಟರ್‌ಗಳನ್ನು ಹಾಕಿದ ಮೇಲೂ ತಿದ್ದಬಹುದು, ಅದು ಒಳ್ಳೆಯದೇ. ಬಾರ್ಡರ್ ಕೆಲಸಕ್ಕೆ ಮಾತ್ರ ಅದರಿಂದ ಏನೂ ಬದಲಾಗಿಲ್ಲ. ಇಂಥ ಚಿಕ್ಕ ಕೆಲಸಕ್ಕೆ ಗಿಂಪ್ ತೆರೆದುಕೊಳ್ಳುವವರೆಗೆ ಕಾಯೋದು ಬೇಜಾರು ಅನ್ನೋರ ಮಾತನ್ನೂ ನಾನು ಒಪ್ಪುತ್ತೇನೆ.

ನೂರಾರು ಫೋಟೋ ಇದ್ದರೆ ಇದರ ಸಹವಾಸವೇ ಬೇಡ. ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂನ (ಇದೂ ಒಂದು ಫೋಟೋ ಸಾಫ್ಟ್‌ವೇರ್) ಬ್ಯಾಚ್ ಆಯ್ಕೆಯಲ್ಲಿ ಕ್ಯಾನ್ವಾಸ್ ಸೈಜ್ ಇದೆ, ಒಂದೇ ಸಲಕ್ಕೆ ಎಲ್ಲದಕ್ಕೂ ಹಾಕಬಹುದು. ಕಮಾಂಡ್ ಬರೆಯೋಕೆ ಹಿಂಜರಿಕೆ ಇಲ್ಲದಿದ್ದರೆ ಇಮೇಜ್‌ಮ್ಯಾಜಿಕ್ ಇನ್ನೂ ಬೇಗ, ಒಂದು ಸಾಲಿನಲ್ಲಿ ಬಣ್ಣ, ಅಗಲ ಎರಡೂ ಮುಗಿಯುತ್ತದೆ. ಆದರೆ ಅದರ ಮೋಗ್ರಿಫೈ ಅನ್ನೋ ಕಮಾಂಡ್ ಸುಮ್ನೆ ಕೊಟ್ಟರೆ ಮೂಲ ಫೈಲ್ ಮೇಲೆಯೇ ಬರೆದುಬಿಡುತ್ತದೆ, ಕೇಳೋದೂ ಇಲ್ಲ. ಫೋಟೋಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿಕೊಂಡೇ ಅದನ್ನು ಓಡಿಸಿ.