ಕ್ಲಿಂಗ್ ರ‍್ಯಾಪಾ, ಸೆಕೆಂಡ್ ಸ್ಕಿನ್ನಾ, ಹಾಗೇ ಬಿಡೋದಾ? ಹೊಸ ಟ್ಯಾಟೂಗೆ ನಮ್ಮ ಕಾಸರಗೋಡಿನ ಸೆಕೆಯಲ್ಲಿ ಯಾವ್ದು ಆಗ್ತದೆ

ನನ್ನ ಮೈಮೇಲೆ ಈಗ ಮೂರು ಟ್ಯಾಟೂ ಉಂಟು. ಒಂದು ಮೇ ತಿಂಗಳ ಸೆಕೆಯಲ್ಲಿ ಹಾಕಿಸಿದ್ದು, ಇನ್ನೊಂದು ಜುಲೈಯ ಜಡಿಮಳೆಯಲ್ಲಿ, ಮೂರನೇದು ಜನವರಿಯಲ್ಲಿ. ಮೂರಕ್ಕೂ ಮಾಡಿದ ಆರೈಕೆ ಬೇರೆ ಬೇರೆ, ಹೋಲಿಸಿ ನೋಡ್ಬೇಕು ಅಂತ ಮಾಡಿದ್ದಲ್ಲ, ಒಂದೊಂದು ಸಲ ಒಬ್ಬೊಬ್ರು ಒಂದೊಂದು ಹೇಳಿದ್ರು ಹಾಗಾಗಿ. ಬೆಂಗಳೂರಿನ ಫ್ರೆಂಡ್ಸ್ ಕೊಡುವ ಟಿಪ್ಸ್ ಎಲ್ಲ ಅಲ್ಲಿನ ಹವೆಗೆ ಸರಿ ಇರ್ಬಹುದು, ಆದ್ರೆ ಇಲ್ಲಿ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಮಿಂದು ಬಂದು ಅಂಗಿ ಹಾಕುವಷ್ಟರಲ್ಲಿ ಬೆನ್ನು ಪುನಃ ಒದ್ದೆ, ಇಲ್ಲಿ ಗಾಯ ಒಣಗುವ ಲೆಕ್ಕವೇ ಬೇರೆ. ಟ್ಯಾಟೂ ಅಂದ್ರೆ ಗಾಯವೇ ಅಲ್ವಾ, ಸೂಜಿ 1ರಿಂದ 2 ಮಿಲಿಮೀಟರ್ ಒಳಗೆ ಹೋಗಿ ಬಣ್ಣ ಬಿಡ್ತದೆ, ಮೇಲಿನ ಚರ್ಮ ಕೂಡ್ಲಿಕ್ಕೇ 2ರಿಂದ 4 ವಾರ ಬೇಕು, ಒಳಗೆ ಪೂರ್ತಿ ಸರಿ ಆಗ್ಲಿಕ್ಕೆ ಇನ್ನೂ ತಿಂಗಳುಗಟ್ಟಲೆ.

ಮೊದಲು ಹೋಗುವ ಮುಂಚಿನ ತಯಾರಿ. ಮೊದಲನೇ ಸಲ ಬೆಳಿಗ್ಗೆ ಟ್ರೈನು ಹಿಡಿಯುವ ಗಡಿಬಿಡಿಯಲ್ಲಿ ಬರೀ ಚಾ ಕುಡಿದು ಮಂಗಳೂರಿಗೆ ಹೋದೆ, ಅರ್ಧ ಗಂಟೆಯಲ್ಲಿ ಕಣ್ಣು ಕತ್ತಲೆ ಬಂದು ಆರ್ಟಿಸ್ಟ್ ಮೆಶಿನ್ ನಿಲ್ಲಿಸಿ ನಂಗೆ ಸಕ್ಕರೆ ನೀರು ಕೊಡ್ಬೇಕಾಯ್ತು. ಎರಡನೇ ಸಲ ಕುಚ್ಚಲಕ್ಕಿ ಗಂಜಿ ಹೊಟ್ಟೆ ತುಂಬ ಉಂಡು, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಹೋದದ್ದು, 4 ಗಂಟೆ ಕೂತ್ರೂ ತಲೆ ತಿರುಗ್ಲಿಲ್ಲ. ಹಿಂದಿನ ದಿನ ಕುಡಿಯೋದು ಬೇಡ, ರಕ್ತ ಜಾಸ್ತಿ ಬರ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವ್ರು ನಿಮ್ಮಷ್ಟಕ್ಕೆ ಅದನ್ನು ನಿಲ್ಲಿಸ್ಬೇಡಿ, ಡಾಕ್ಟರ್ ಹತ್ರ ಕೇಳಿಯೇ ಹೋಗಿ.

ನೋವು ಗೊತ್ತಾಗದ ಹಾಗೆ ಚರ್ಮ ಮರಗಟ್ಟಿಸುವ ನಂಬಿಂಗ್ ಕ್ರೀಮ್ ಹಚ್ಚಿಯೂ ನೋಡಿದ್ದೇನೆ, ಹಚ್ಚದೆಯೂ ನೋಡಿದ್ದೇನೆ. ಮೆಡಿಕಲಲ್ಲಿ ಸಿಗುವ ಲಿಡೊಕೇಯ್ನ್, ಪ್ರಿಲೊಕೇಯ್ನ್ ಎರಡೂ 2.5% ಇರುವ ಕ್ರೀಮು, ಒಂದು ಗಂಟೆ ಮೊದಲು ಹಚ್ಚಿ ಮೇಲಿಂದ ಪ್ಲಾಸ್ಟಿಕ್ ಮುಚ್ಚಿಡೋದು. ಕಾಲಿನ ಟ್ಯಾಟೂಗೆ ಹಚ್ಚಿದ್ದೆ, ಸುರುವಿಗೆ ಏನೂ ಗೊತ್ತಾಗ್ಲಿಲ್ಲ, ಆದ್ರೆ ಅದರ ಶಕ್ತಿ ಇಳಿದದ್ದೇ ತಡ ನೋವು ಒಟ್ಟಿಗೆ ಬಂತು ನೋಡಿ, ಮೊದಲಿಂದ ಸಹಿಸಿಕೊಂಡು ಬಂದ ನೋವಿಗಿಂತ ಅದು ಕಷ್ಟ. ಕೈಗೆ ಹಚ್ಚದೆ ಹಾಕಿಸಿದಾಗ ಹತ್ತು ನಿಮಿಷದಲ್ಲಿ ಅಭ್ಯಾಸ ಆಗಿಬಿಟ್ಟಿತ್ತು. ಚಿಕ್ಕ ಟ್ಯಾಟೂಗೆ ಅದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಹಚ್ಚೋದೇ ಆದ್ರೆ ಆರ್ಟಿಸ್ಟ್ ಹತ್ರ ಮೊದಲೇ ಹೇಳಿ, ಮತ್ತೆ ದೊಡ್ಡ ಜಾಗಕ್ಕೆ ಮೆತ್ತಬೇಡಿ, ಮದ್ದು ರಕ್ತಕ್ಕೆ ಸೇರಿ ತೊಂದರೆ ಆಗ್ತದೆ.

ಇನ್ನು ಮುಖ್ಯ ವಿಷಯ, ಮುಚ್ಚೋದು.

ಮೊದಲನೇದು ಎಡಗೈಯ ಅಡಿಕೆ ಸಿಂಗಾರ (ಹೊಂಬಾಳೆ), ಅದಕ್ಕೆ ಅಡುಗೆಮನೆಯಲ್ಲಿ ತಿಂಡಿ ಮುಚ್ಚುವ ತೆಳು ಪ್ಲಾಸ್ಟಿಕ್, ಅದೇ ಕ್ಲಿಂಗ್ ರ‍್ಯಾಪ್ ಸುತ್ತಿ ಕಳ್ಸಿದ್ರು. ಬಸ್ಸಲ್ಲಿ ಬರುವಾಗ ಆಗ ಹೈವೇ ಕೆಲಸ ನಡೀತಿತ್ತು, ತಲಪಾಡಿ ದಾಟಿದ ಮೇಲೆ ಕಿಟಕಿಯಿಂದ ಬರೀ ಧೂಳು, ಅಷ್ಟರ ಮಟ್ಟಿಗೆ ರ‍್ಯಾಪ್ ಒಳ್ಳೇದೇ ಮಾಡಿತು. ಆದ್ರೆ ಅದರೊಳಗೆ ಗಾಳಿ ಆಡುವುದಿಲ್ಲ, ಉಪ್ಪಳ ಬರುವಾಗ ಪ್ಲಾಸ್ಟಿಕ್ಕಿನೊಳಗೆ ಬೆವರು, ಇಂಕು, ರಕ್ತ ಎಲ್ಲ ಸೇರಿ ನೀರಾಡ್ತಿತ್ತು. ಕೆಲವು ಗಂಟೆ ಕಳೆದ ಮೇಲೆ ತೆಗೆದು ತೊಳೆದು ಬಿಟ್ಟಿದ್ರೆ ಮುಗೀತಿತ್ತು, ಆದ್ರೆ ಆ ಪಾರ್ಲರಿನವ್ರು ಮೂರು ರಾತ್ರಿ ಪುನಃ ಪುನಃ ಸುತ್ತಿ ಮಲಗಿ, ವ್ಯಾಸಲೀನ್ ದಪ್ಪ ಹಚ್ಚಿ ಅಂತ ಹೇಳಿದ್ರು, ನಾನು ಹಾಗೇ ಮಾಡಿದೆ. ನಾಲ್ಕನೇ ದಿನಕ್ಕೆ ಸುತ್ತ ಬೆವರುಸಾಲೆ, ಶೇಡಿಂಗ್, ಅಂದ್ರೆ ನೆರಳಿನ ಹಾಗೆ ಬಣ್ಣ ತುಂಬಿದ ಜಾಗದಲ್ಲಿ ದಪ್ಪ ಹಕ್ಕಳೆ, ಅದು ಬೀಳುವಾಗ ಎರಡು ಕಡೆ ಬಣ್ಣವನ್ನೂ ಎತ್ತಿಕೊಂಡು ಹೋಯ್ತು. ತುಂಬ ಬೇಜಾರಾಯ್ತು ನಂಗೆ, ಎಷ್ಟೋ ತಿಂಗಳು ಯೋಚನೆ ಮಾಡಿ ಹಾಕಿಸಿದ್ದು ಅದು.

ಎರಡನೇದು ಬಲಗಾಲಿನ ಮೀನಖಂಡದ ಮೇಲೆ ತೆಂಕುತಿಟ್ಟು ಯಕ್ಷಗಾನದ ಕಿರೀಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಹುಟ್ಟಿ ಬೆಳೆದು ಆಟ ನೋಡಿದವ ನಾನು, ಅದು ಬೇಕೇ ಬೇಕು ಅಂತಿತ್ತು. ಇದಕ್ಕೆ ಸೆಕೆಂಡ್ ಸ್ಕಿನ್ ಅಂಟಿಸಿದ್ರು, ಆಸ್ಪತ್ರೆಯಲ್ಲಿ ಡ್ರಿಪ್ಪಿನ ಸೂಜಿ ಮೇಲೆ ಹಾಕುವ ಪಾರದರ್ಶಕ ಟೇಪಿನ ಜಾತಿಯದ್ದು, ಹೊರಗಿನ ನೀರು ಒಳಗೆ ಹೋಗುವುದಿಲ್ಲ, ಒಳಗಿನ ಆವಿ ಸ್ವಲ್ಪ ಸ್ವಲ್ಪ ಹೊರಗೆ ಹೋಗ್ತದೆ. ಮೊದಲ ರಾತ್ರಿ ಅದರಡಿ ಕಪ್ಪು ನೀರು ಚೀಲದ ಹಾಗೆ ತುಂಬಿತ್ತು, ಹೆದರಿಹೋದೆ, ಅದು ಗಾಯದ ನೀರು ಮತ್ತು ಹೆಚ್ಚಾದ ಇಂಕು ಅಷ್ಟೇ. 24 ಗಂಟೆ ಆದ್ಮೇಲೆ ತೆಗೆದು ತೊಳೆದು, ಒಣಗಿಸಿ, ಹೊಸದು ಅಂಟಿಸಿದೆ, ಅದು 4-5 ದಿನ ಇರ್ಲಿಕ್ಕೆ. ನೋವಿಲ್ಲ, ಉರಿ ಇಲ್ಲ, ಹಾಸಿಗೆಗೆ ಇಂಕು ಮೆತ್ತುವ ತಲೆಬಿಸಿ ಇಲ್ಲ, ಆ ಮೂರು ದಿನ ನಿಜಕ್ಕೂ ಸುಖ.

ಆದ್ರೆ ಜುಲೈ ಅಂದ್ರೆ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. ಮನೆಯಲ್ಲಿ ಜನ ಇಲ್ಲ, ಗಮ್‌ಬೂಟ್ ಹಾಕಿ ಇಳಿದೆ. ಬೂಟಿನ ಬಾಯಿ ತಿಕ್ಕಿ ತಿಕ್ಕಿ ಟೇಪಿನ ಅಂಚು ಎದ್ದು ಮಳೆನೀರು ಒಳಗೆ ಹೋಯ್ತು, ಮೈಲುತುತ್ತು ಸುಣ್ಣದ ನೀರು ತಾಗಿತೋ ಅಂತ ಬೇರೆ ಭಯ. ಅಂಚು ಎದ್ದ ಸೆಕೆಂಡ್ ಸ್ಕಿನ್ ಒಂದು ಗಳಿಗೆಯೂ ಇಡ್ಬಾರ್ದು, ಕೊಳೆನೀರನ್ನು ಗಾಯದ ಮೇಲೆ ಕಟ್ಟಿ ಇಟ್ಟ ಹಾಗೆ ಆಗ್ತದೆ. ಕೂಡ್ಲೇ ಮನೆಗೆ ಬಂದು ಉಗುರು ಬೆಚ್ಚಗಿನ ನೀರು ಬಿಡ್ತಾ, ಮೇಲಕ್ಕೆ ಕೀಳದೆ ಚರ್ಮಕ್ಕೆ ಒರಗಿಸಿ ಎಳೆದು ತೆಗೆದೆ, ಪುಣ್ಯಕ್ಕೆ ಏನೂ ಆಗ್ಲಿಲ್ಲ. ನನ್ನ ಚಿಕ್ಕಮ್ಮನ ಮಗನಿಗೆ ಆ ಅಂಟೇ ಆಗುವುದಿಲ್ಲ, ಟೇಪಿನ ಅಳತೆಗೆ ಸರಿಯಾಗಿ ಕೆಂಪು ಚೌಕ ಎದ್ದು ತುರಿಸಿ ತುರಿಸಿ ಸಾಕಾಯ್ತು ಅವನಿಗೆ. ನಾಲ್ಕು ದಿನ ಮೊದಲೇ ಒಂದು ಚಿಕ್ಕ ತುಂಡು ಬೇರೆ ಕಡೆ ಅಂಟಿಸಿ ನೋಡಿ, ಹಾಗೆಯೇ ಟ್ಯಾಟೂವಿನ ಸುತ್ತ ಒಂದಿಂಚು ಜಾಸ್ತಿ ಶೇವ್ ಮಾಡಿಸಿ, ಕೂದಲ ಮೇಲೆ ಅದು ನಿಲ್ಲುವುದಿಲ್ಲ.

ಮೂರನೇದು ನಂಗೆ ಎಲ್ಲಕ್ಕಿಂತ ಪ್ರೀತಿಯದ್ದು, ಅಜ್ಜಿಯ ಕೈಯಲ್ಲಿದ್ದ ಹಚ್ಚೆಯ ಚುಕ್ಕಿಗಳು ಹಾಗೇ ನನ್ನ ತೋಳಿಗೆ. ಅಜ್ಜಿಯದ್ದು ಈಗ ಹಸಿರು ಕಾಣ್ತದೆ, ಕಪ್ಪು ಮಸಿ ಚರ್ಮದಡಿ ಕೂತು ವರ್ಷ ಕಳೆದಾಗ ಹಾಗೇ. ಇದಕ್ಕೆ ಏನೂ ಮುಚ್ಚದೆ ಬಿಟ್ಟೆ. ದಿನಕ್ಕೆ 2-3 ಸಲ ಪರಿಮಳ ಇಲ್ಲದ ಸೋಪಲ್ಲಿ ಬರಿಗೈಯಿಂದ ತೊಳೆದು, ಬೈರಾಸಲ್ಲಿ ಒರೆಸದೆ ಟಿಶ್ಯೂ ಪೇಪರ್ ಒತ್ತಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ಪರಿಮಳ ಇಲ್ಲದ ಲೋಷನ್ ಇದ್ದೂ ಇಲ್ಲದ ಹಾಗೆ ತೆಳ್ಳಗೆ. ಐದನೇ ದಿನ ಸುರುವಾದ ತುರಿಕೆ ಎಂಟರವರೆಗೆ ಜೋರಿತ್ತು, ಉಗುರು ಹಾಕದೆ ಅಂಗೈಯಿಂದ ಮೆಲ್ಲ ತಟ್ಟಿಕೊಳ್ತಿದ್ದೆ. ತೆಳು ಸಿಪ್ಪೆ ತನ್ನಷ್ಟಕ್ಕೆ ಉದುರಿ ಒಂದು ಚುಕ್ಕಿಯೂ ಮಾಸಲಿಲ್ಲ. ಹೌದು, ಇದು ಬರೀ ಚುಕ್ಕಿ, ಶೇಡಿಂಗ್ ಇಲ್ಲ, ಜನವರಿಯ ಒಣ ಗಾಳಿ ಬೇರೆ, ಹಾಗಾಗಿ ಕಾಲಿಂದಕ್ಕೂ ಇದಕ್ಕೂ ಪೂರ್ತಿ ಸರಿಸಮ ಲೆಕ್ಕ ಹಾಕ್ಲಿಕ್ಕಾಗುವುದಿಲ್ಲ. ಬಸ್ಸಿನ ಧೂಳಿಗೆ ಮಾತ್ರ ಮೊದಲ ದಿನ ತುಂಬ ಹೆದರಿಕೆ ಆಗಿತ್ತು.

ಅಜ್ಜಿ ಅರಸಿನ, ತೆಂಗಿನೆಣ್ಣೆ ಹಚ್ಚು ಅಂತ ಪ್ರೀತಿಯಿಂದ ಹಿಡಿದು ತಂದ್ರು. ಹಸಿ ಗಾಯಕ್ಕೆ ಎರಡೂ ಬೇಡ, ಡಬ್ಬದ ಅರಸಿನದಲ್ಲಿ ಏನೆಲ್ಲ ಇರ್ತದೋ, ಎಣ್ಣೆ ಸೆಕೆಗೆ ಬೆವರಿನ ಒಟ್ಟಿಗೆ ಮುಚ್ಚಿ ಕೂರ್ತದೆ. ಸಿಪ್ಪೆ ಎಲ್ಲ ಹೋದ ಮೇಲೆ, ಮೂರನೇ ವಾರದಿಂದ ಮನೆಯ ಗಾಣದೆಣ್ಣೆಯನ್ನೇ ಹಚ್ಚಿದೆ, ಬಣ್ಣ ಎದ್ದು ಬಂತು, ಅಜ್ಜಿಗೂ ಖುಷಿ. ಆಂಟಿಬಯಾಟಿಕ್ ಕ್ರೀಮು ಸುಮ್ಮನೆ ತಂದು ಹಚ್ಚಬೇಡಿ, ನಿಯೋಮೈಸಿನ್ ಇರೋದು ಎಷ್ಟೋ ಜನಕ್ಕೆ ಅಲರ್ಜಿ ಆಗ್ತದೆ. ಎರಡು-ಮೂರು ದಿನ ಕಳೆದ ಮೇಲೂ ಕೆಂಪು ಹರಡ್ತಾ ಹೋದ್ರೆ, ಕೀವು, ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋಗಿ. ತೋಟದ ಕೆರೆ, ಬೇಕಲದ ಸಮುದ್ರ ಒಂದು ತಿಂಗಳು ದೂರ. ಬಿಸಿಲಿಗೆ ಗಾಯ ಕೂಡುವವರೆಗೆ ತುಂಬುತೋಳಿನ ಅಂಗಿ, ಕೂಡಿದ ಮೇಲೆ ಎಸ್‌ಪಿಎಫ್ 30ರ ಮೇಲಿನ ಸನ್‌ಸ್ಕ್ರೀನ್. ರಕ್ತದಾನ ಮಾಡುವವ್ರಿಗೆ ಇನ್ನೊಂದು, ಟ್ಯಾಟೂ ಆದ್ಮೇಲೆ 12 ತಿಂಗಳು ರಕ್ತ ತಗೊಳ್ಳುವುದಿಲ್ಲ, ಕ್ಯಾಂಪಿಂದ ವಾಪಸ್ ಬಂದಾಗಲೇ ನಂಗದು ಗೊತ್ತಾದ್ದು.

ಕೈಯ ಸಿಂಗಾರದ ಟಚ್ಅಪ್ ಮೊನ್ನೆ ಡಿಸೆಂಬರಲ್ಲಿ ಬೇರೆ ಕಡೆ ಮಾಡಿಸಿದೆ. ಈ ಸಲ ಬಸ್ಸಿಗೂ ಮೊದಲ ರಾತ್ರಿಗೂ ಅಂತ 24 ಗಂಟೆ ಮಾತ್ರ ಸೆಕೆಂಡ್ ಸ್ಕಿನ್, ಮತ್ತೆ ತೆಗೆದು ಪೂರ್ತಿ ಗಾಳಿಗೆ ಬಿಟ್ಟದ್ದು. ಮೊದಲು ಬಣ್ಣ ಹೋದ ಆ ಎರಡು ಜಾಗ ಉಂಟಲ್ಲ, ಅಲ್ಲಿ ಹಕ್ಕಳೆಯೇ ಕಟ್ಟಲಿಲ್ಲ, ಬಣ್ಣ ಈಗ ಗಟ್ಟಿಯಾಗಿ ನಿಂತಿದೆ.